ಮುಂದಿನ ತಿಂಗಳು ಆರ್ಡರ್ ಹೆಂಗಿದೆ ಸಾರ್?

‘ಟಿನ್ ಫ್ಯಾಕ್ಟರಿ, ಟಿನ್ ಫ್ಯಾಕ್ಟರಿ’ ಅಂತ ಕಂಡಕ್ಟರ್ ಕೂಗಿದಾಗ ಇಳಿಯೋರಲ್ಲಿ ಯಾರೂ ಫ್ಯಾಕ್ಟರಿ ಹುಡುಕಿಕೊಂಡು ಇಳಿಯೋದಿಲ್ಲ. ಮೆಟ್ರೋ ಹಿಡಿಯೋರು, ರಿಂಗ್ ರೋಡ್ ಬಸ್ಸಿಗೆ ಓಡೋರು, ಕೆ.ಆರ್. ಪುರದ ಕಡೆ ಹೋಗೋರು, ಅಷ್ಟೇ. ಆದರೆ ಹಳೇ ಮದ್ರಾಸ್ ರಸ್ತೆಯ ಈ ಭಾಗದ ಹೆಸರುಗಳನ್ನ ಒಮ್ಮೆ ಗಮನಿಸಿ. ಬೈಯಪ್ಪನಹಳ್ಳಿ ಹತ್ತಿರ ಎನ್‌ಜಿಇಎಫ್, ಆಮೇಲೆ ಟಿನ್ ಫ್ಯಾಕ್ಟರಿ, ದೂರವಾಣಿನಗರದಲ್ಲಿ ಐಟಿಐ ಗೇಟ್, ವೈಟ್‌ಫೀಲ್ಡ್ ಕಡೆ ಹೋದರೆ ಗ್ರಾಫೈಟ್ ಇಂಡಿಯಾ ಸಿಗ್ನಲ್. ಬೇರೆ ಕಡೆ ಕೆರೆ, ದೇವಸ್ಥಾನ, ಸರ್ಕಲ್‌ಗಳ ಹೆಸರಲ್ಲಿ ಸ್ಟಾಪ್ ಇದ್ದರೆ ಇಲ್ಲಿ ಕಾರ್ಖಾನೆಗಳ ಹೆಸರಲ್ಲಿದೆ. ಟ್ರಾನ್ಸ್‌ಫಾರ್ಮರ್, ಮೋಟರ್ ಮಾಡುತ್ತಿದ್ದ ಎನ್‌ಜಿಇಎಫ್ ಮುಚ್ಚಿ ಎರಡು ದಶಕ ದಾಟಿತು. ದೂರವಾಣಿನಗರಕ್ಕೆ ಆ ಹೆಸರನ್ನೇ ತಂದುಕೊಟ್ಟ ಐಟಿಐ ಇನ್ನೂ ಇದೆ.

ಕಾರ್ಖಾನೆ ಅನ್ನೋದು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಸೊರಗೋದಿಲ್ಲ. ಮೊದಲು ಬರೋ ಆರ್ಡರ್ ಕಡಿಮೆ ಆಗತ್ತೆ. ಹಳೇ ಆರ್ಡರ್ ಬಾಕಿ ಇರೋದ್ರಿಂದ ಕೆಲವು ವಾರ ಮೆಷಿನ್‌ಗಳು ಮಾಮೂಲಿನಂತೆ ಓಡ್ತಾನೇ ಇರುತ್ತವೆ. ಆ ಬಾಕಿ ಕರಗಿದ ಮೇಲೆ ಓಟಿ ನಿಲ್ಲತ್ತೆ, ಕಚ್ಚಾ ಮಾಲು ತರಿಸೋದು ನಿಲ್ಲತ್ತೆ, ಕಾಂಟ್ರಾಕ್ಟ್ ಕಾರ್ಮಿಕರಿಗೆ ‘ನಾಳೆಯಿಂದ ಬೇಡ’ ಅಂತಾರೆ. ಕ್ಯಾಂಪಸ್‌ಗೆ ಬರಬೇಕಿದ್ದ ಕೋರ್ ಕಂಪನಿ ‘ಈ ವರ್ಷ ಬರಲ್ಲ’ ಅಂತ ಮೇಲ್ ಮಾಡೋದು ಇದೆಲ್ಲ ಆದ ಮೇಲೆ. ಉತ್ಪಾದನೆ, ಉದ್ಯೋಗ, ಲಾಭ ಇವೆಲ್ಲ ಆರ್ಡರಿನ ಹಿಂದೆ ನಡೆಯೋ ಸಂಗತಿಗಳು. ಹಾಗಾಗಿ ಮುಂದೆ ಏನಾಗಬಹುದು ಅಂತ ತಿಳಿಯಬೇಕಾದವರು ಕಾರ್ಖಾನೆಯವರನ್ನ ಕೇಳೋ ಪ್ರಶ್ನೆ ಒಂದೇ: ಆರ್ಡರ್ ಹೆಂಗಿದೆ? ಚಹಾ ಅಂಗಡಿಯಲ್ಲಿ ಒಬ್ಬ ವರ್ಕ್‌ಶಾಪ್ ಓನರ್ ಇನ್ನೊಬ್ಬರನ್ನ ಕೇಳೋದೂ ಅದನ್ನೇ, ರಿಸರ್ವ್ ಬ್ಯಾಂಕ್ ಕೇಳೋದೂ ಅದನ್ನೇ.

ಪ್ರತಿ ತಿಂಗಳ ಮೊದಲ ದಿನಗಳಲ್ಲಿ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ‘ಪಿಎಂಐ ಏರಿಕೆ’, ‘ಪಿಎಂಐ ಇಳಿಕೆ’ ಅಂತ ಒಂದು ಸುದ್ದಿ ಬರತ್ತಲ್ಲ, ಅದು ಈ ಪ್ರಶ್ನೆಗೆ ಬಂದ ಉತ್ತರಗಳ ಮೊತ್ತ. ಪೂರ್ತಿ ಹೆಸರು ಪರ್ಚೇಸಿಂಗ್ ಮ್ಯಾನೇಜರ್ಸ್ ಇಂಡೆಕ್ಸ್. ಭಾರತದ ತಯಾರಿಕಾ ವಲಯದ ಪಿಎಂಐಯನ್ನ ಎಸ್ ಆಂಡ್ ಪಿ ಗ್ಲೋಬಲ್ ಸಂಸ್ಥೆ ಲೆಕ್ಕ ಹಾಕತ್ತೆ, ಎಚ್‌ಎಸ್‌ಬಿಸಿ ಹೆಸರಲ್ಲಿ ಹೊರಬರತ್ತೆ. ಸುಮಾರು 400 ಕಾರ್ಖಾನೆಗಳ ಪರ್ಚೇಸ್ ಮ್ಯಾನೇಜರ್‌ಗಳಿಗೆ ಪ್ರಶ್ನೆಪಟ್ಟಿ ಹೋಗತ್ತೆ. ಪರ್ಚೇಸ್ ಮ್ಯಾನೇಜರ್‌ನೇ ಯಾಕೆ? ಮುಂದಿನ ತಿಂಗಳಿಗೆ ಎಷ್ಟು ಸ್ಟೀಲ್, ಎಷ್ಟು ತಾಮ್ರ ಬೇಕು ಅನ್ನೋದನ್ನ ಎಲ್ಲರಿಗಿಂತ ಮೊದಲು ತಿಳಿಯಬೇಕಾದವರು ಅವರು. ಸಿಇಓ ಟಿವಿಯಲ್ಲಿ ‘ನಾವು ಆಶಾವಾದಿಗಳು’ ಅನ್ನಬಹುದು. ಆದರೆ ಪರ್ಚೇಸ್ ಮ್ಯಾನೇಜರ್ ಆರ್ಡರ್ ಇಲ್ಲದೆ ಮಾಲು ತರಿಸಿದರೆ ಅದು ಗೋಡೌನ್‌ನಲ್ಲಿ ಕೂತು ಅವರನ್ನೇ ದಿಟ್ಟಿಸ್ತಾ ಇರತ್ತೆ.

ಪ್ರಶ್ನೆಗಳು ತುಂಬಾ ಸರಳ. ಹೋದ ತಿಂಗಳಿಗೆ ಹೋಲಿಸಿದರೆ ಹೊಸ ಆರ್ಡರ್ ಜಾಸ್ತಿಯೋ, ಅಷ್ಟೇಯೋ, ಕಡಿಮೆಯೋ? ಮೂರರಲ್ಲಿ ಒಂದು ಟಿಕ್ ಮಾಡಬೇಕು. ಎಷ್ಟು ಕೋಟಿ ಅಂತ ಕೇಳೋದಿಲ್ಲ. ಕೇಳಿದರೆ ಯಾರೂ ಬೇಗ ಹೇಳಲ್ಲ; ಲೆಕ್ಕ ತೆಗೀಬೇಕು, ಮೇಲಿನವರ ಒಪ್ಪಿಗೆ ಬೇಕು, ಆರ್ಡರ್ ಬುಕ್ ಹೊರಗೆ ಹೋದರೆ ಪ್ರತಿಸ್ಪರ್ಧಿಗೆ ಗೊತ್ತಾಗತ್ತೆ ಅನ್ನೋ ಭಯ ಬೇರೆ. ‘ಜಾಸ್ತಿ’, ‘ಕಡಿಮೆ’ ಅನ್ನೋಕೆ ಐದು ನಿಮಿಷ ಸಾಕು. ನಿಖರತೆಯನ್ನ ಬಿಟ್ಟುಕೊಟ್ಟು ವೇಗವನ್ನ ಕೊಂಡುಕೊಳ್ಳೋ ವ್ಯಾಪಾರ ಇದು. ಸರ್ಕಾರದ ಕೈಗಾರಿಕಾ ಉತ್ಪಾದನಾ ಸೂಚ್ಯಂಕ, ಅಂದರೆ ಐಐಪಿ, ನಿಜವಾದ ಉತ್ಪಾದನೆಯ ಅಂಕಿಗಳಿಂದ ಮಾಡಿದ್ದು. ಆದರೆ ಅದು ಹಿಂದೆ ಆರು ವಾರ ತಡವಾಗಿ ಬರ್ತಿತ್ತು, 2025ರಿಂದ ಮುಂದಿನ ತಿಂಗಳ 28ರಂದು ಬರತ್ತೆ. ಪಿಎಂಐ ತಿಂಗಳು ಮುಗಿದ ತಕ್ಷಣ ಸಿಗತ್ತೆ.

ಟಿಕ್‌ಗಳಿಂದ ಅಂಕಿ ಹುಟ್ಟೋದು ಹೇಗೆ? ಹತ್ತು ಕಾರ್ಖಾನೆ ಅಂತ ಇಟ್ಟುಕೊಳ್ಳೋಣ. ನಾಲ್ಕು ‘ಜಾಸ್ತಿ’ ಅಂದವು, ನಾಲ್ಕು ‘ಅಷ್ಟೇ’ ಅಂದವು, ಎರಡು ‘ಕಡಿಮೆ’ ಅಂದವು. ‘ಜಾಸ್ತಿ’ಯ ಶೇಕಡಾವಾರು 40, ಅದಕ್ಕೆ ‘ಅಷ್ಟೇ’ಯ ಅರ್ಧ ಅಂದರೆ 20 ಸೇರಿಸಿ. ಒಟ್ಟು 60. ಇದಕ್ಕೆ ಡಿಫ್ಯೂಷನ್ ಇಂಡೆಕ್ಸ್ ಅಂತಾರೆ. ಎಲ್ಲರೂ ‘ಅಷ್ಟೇ’ ಅಂದರೆ 50 ಬರತ್ತೆ, ಆದ್ದರಿಂದ 50 ಅನ್ನೋದು ಗಡಿರೇಖೆ. ಹೊಸ ಆರ್ಡರ್, ಉತ್ಪಾದನೆ, ಉದ್ಯೋಗ, ಸರಬರಾಜುದಾರರು ಮಾಲು ತಲುಪಿಸೋ ಸಮಯ, ಖರೀದಿ ಮಾಲಿನ ದಾಸ್ತಾನು ಅಂತ ಐದು ವಿಷಯಗಳಿಗೆ ಹೀಗೆ ಲೆಕ್ಕ ಹಾಕಿ ಕ್ರಮವಾಗಿ ಶೇ 30, 25, 20, 15, 10ರ ತೂಕ ಕೊಟ್ಟು ಕೂಡಿಸಿದರೆ ಪತ್ರಿಕೆಯಲ್ಲಿ ಬರೋ ಪಿಎಂಐ. ಅತಿ ಹೆಚ್ಚು ತೂಕ ಹೊಸ ಆರ್ಡರಿಗೇ ಅನ್ನೋದನ್ನ ಗಮನಿಸಿ.

ನಾಲ್ಕನೇ ವಿಷಯದಲ್ಲಿ ಒಂದು ತಮಾಷೆ ಇದೆ. ಮಾಲು ತಲುಪೋದು ತಡವಾದರೆ ಇಂಡೆಕ್ಸ್ ಮೇಲೆ ಹೋಗತ್ತೆ! ಸಾಮಾನ್ಯ ಕಾಲದಲ್ಲಿ ಇದಕ್ಕೊಂದು ತರ್ಕ ಇದೆ: ಸರಬರಾಜುದಾರರ ಹತ್ತಿರ ಆರ್ಡರ್ ತುಂಬಿ ತುಳುಕ್ತಾ ಇದ್ದರೆ ತಡ ಆಗತ್ತೆ, ಅದು ಒಳ್ಳೇ ಲಕ್ಷಣ. ಲಾಕ್‌ಡೌನ್ ಹೊತ್ತಿನಲ್ಲಿ ಲಾರಿಗಳು ಹೆದ್ದಾರಿಯಲ್ಲಿ ನಿಂತು ತಡವಾದದ್ದನ್ನೂ ಸೂತ್ರ ಅದೇ ಒಳ್ಳೇ ಲಕ್ಷಣ ಅಂತ ಓದತ್ತೆ. ಸೂತ್ರಕ್ಕೆ ಕಾರಣ ಗೊತ್ತಿರೋದಿಲ್ಲ.

ರಿಸರ್ವ್ ಬ್ಯಾಂಕಿನ ಸರ್ವೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗತ್ತೆ. ಇಂಡಸ್ಟ್ರಿಯಲ್ ಔಟ್‌ಲುಕ್ ಸರ್ವೆ ಅಂತ ಅದರ ಹೆಸರು, 1998ರಿಂದ ಮೂರು ತಿಂಗಳಿಗೊಮ್ಮೆ ನಡೀತಿದೆ. ಉತ್ಪಾದನೆ, ಆರ್ಡರ್ ಬುಕ್, ರಫ್ತು, ಉದ್ಯೋಗ, ಕಚ್ಚಾ ಮಾಲಿನ ಬೆಲೆ, ಲಾಭದ ಅಂತರ ಇತ್ಯಾದಿ ಒಂದೊಂದಕ್ಕೂ ಎರಡು ಪ್ರಶ್ನೆ: ಈ ತ್ರೈಮಾಸಿಕ ಹೇಗಿದೆ, ಮುಂದಿನ ತ್ರೈಮಾಸಿಕ ಹೇಗಿರತ್ತೆ ಅಂದುಕೊಂಡಿದೀರಿ? ಇಲ್ಲಿ ಲೆಕ್ಕ ಇನ್ನೂ ಸುಲಭ. ಆಶಾವಾದಿಗಳ ಶೇಕಡಾವಾರಿನಿಂದ ನಿರಾಶಾವಾದಿಗಳದ್ದನ್ನ ಕಳೆದರೆ ನೆಟ್ ರೆಸ್ಪಾನ್ಸ್. ನಮ್ಮ ಹತ್ತು ಕಾರ್ಖಾನೆಗಳಿಗೆ 40ರಲ್ಲಿ 20 ಹೋದರೆ 20. ಹೀಗೆ ಒಂಬತ್ತು ವಿಷಯಗಳನ್ನ ಸೇರಿಸಿ 0ಯಿಂದ 200ರವರೆಗಿನ ಎರಡು ಸೂಚ್ಯಂಕ ಮಾಡ್ತಾರೆ. ಒಂದು ಸದ್ಯದ ಪರಿಸ್ಥಿತಿಗೆ, ಇನ್ನೊಂದು ನಿರೀಕ್ಷೆಗೆ. ಗಡಿರೇಖೆ 100. ಪಿಎಂಐ ರೀತಿಯ 60, ನೆಟ್ ರೆಸ್ಪಾನ್ಸಿನ 20, 200ರ ಸ್ಕೇಲಿನ 120, ಮೂರೂ ಒಂದೇ ಮಾತು. ಸೆಲ್ಸಿಯಸ್ಸು, ಫ್ಯಾರನ್‌ಹೀಟು ಇದ್ದ ಹಾಗೆ. ಒಂದನ್ನ ಇನ್ನೊಂದಕ್ಕೆ ಬದಲಾಯಿಸೋ ಸಮೀಕರಣವನ್ನ ನೀವೇ ಬರೆದುಬಿಡಬಹುದು.

ಈಗ ಸ್ವಲ್ಪ ಇಂಜಿನಿಯರ್ ಕಣ್ಣಲ್ಲಿ ನೋಡೋಣ. ಪ್ರತಿ ಕಾರ್ಖಾನೆ ಒಂದು ಮೂರು ಮಟ್ಟದ ಕ್ವಾಂಟೈಸರ್ ಇದ್ದ ಹಾಗೆ: ಪ್ಲಸ್ 1, ಸೊನ್ನೆ, ಮೈನಸ್ 1. ಅದು ಅಳೆಯೋದು ಸಿಗ್ನಲ್ಲನ್ನಲ್ಲ, ಸಿಗ್ನಲ್ಲಿನ ಬದಲಾವಣೆಯ ಚಿಹ್ನೆಯನ್ನ. ಹಾಗಾಗಿ ‘ಪಿಎಂಐ 58ರಿಂದ 55ಕ್ಕೆ ಇಳಿಯಿತು, ಉತ್ಪಾದನೆ ಕುಸಿಯಿತು’ ಅನ್ನೋ ಹೆಡ್‌ಲೈನ್ ತಪ್ಪು. 55 ಅಂದರೆ ಇನ್ನೂ ಹೆಚ್ಚು ಜನ ಏರಿಕೆಯನ್ನೇ ಹೇಳ್ತಿದಾರೆ. ಬಸ್ ನಿಧಾನ ಆಯ್ತು, ಹಿಂದಕ್ಕೆ ಹೋಗ್ಲಿಲ್ಲ.

ಎಷ್ಟು ಅನ್ನೋದನ್ನ ಕೇಳದೆ ಇರೋದರಿಂದ ಇನ್ನೊಂದು ತೊಂದರೆ. ಆ ಹತ್ತರಲ್ಲಿ ‘ಜಾಸ್ತಿ’ ಅಂದ ನಾಲ್ಕಕ್ಕೂ ತಲಾ 5 ಲಕ್ಷದ ಆರ್ಡರ್ ಹೆಚ್ಚಿರಬಹುದು, ‘ಕಡಿಮೆ’ ಅಂದ ಎರಡರಲ್ಲಿ ಒಂದಕ್ಕೆ 3 ಕೋಟಿಯ ಆರ್ಡರ್ ಕೈತಪ್ಪಿರಬಹುದು. ಒಟ್ಟು ಆರ್ಡರ್ ಪಾತಾಳಕ್ಕೆ, ಇಂಡೆಕ್ಸ್ ಮಾತ್ರ 60. ಕಾರ್ಖಾನೆಗಳನ್ನ ಆರಿಸುವಾಗ ಉದ್ಯಮದ ವಿಧ, ಗಾತ್ರ ಎರಡನ್ನೂ ನೋಡಿ ಆರಿಸ್ತಾರೆ, ಅದರಿಂದ ಈ ತೊಂದರೆ ತಕ್ಕಮಟ್ಟಿಗೆ ಕಡಿಮೆ ಆಗತ್ತೆ, ಪೂರ್ತಿ ಹೋಗೋದಿಲ್ಲ.

ಹಾಗಾದರೆ ಇಷ್ಟು ಒರಟು ಸಲಕರಣೆ ಕೆಲಸ ಮಾಡೋದಾದರೂ ಹೇಗೆ? ಡಿಜಿಟಲ್ ಸಿಗ್ನಲ್ ಪ್ರಾಸೆಸಿಂಗ್ ಓದಿದವರಿಗೆ ಡಿದರ್ ನೆನಪಿರಬೇಕು. ಒರಟು ಕ್ವಾಂಟೈಸರಿಗೆ ಸ್ವಲ್ಪ ನಾಯ್ಸ್ ಸೇರಿಸಿ ಸರಾಸರಿ ತೆಗೆದರೆ ಮಟ್ಟಗಳ ನಡುವಿನ ಬೆಲೆಯೂ ಸಿಗತ್ತೆ. ಇಲ್ಲಿ ಆ ನಾಯ್ಸ್ ತಾನಾಗೇ ಇದೆ: ಒಂದೊಂದು ಕಾರ್ಖಾನೆಯ ಹಣೆಬರಹ ಒಂದೊಂದು ಥರ. ಒಟ್ಟಾರೆ ಬೇಡಿಕೆ ಸ್ವಲ್ಪ ಏರಿದರೆ ಗಡಿಯ ಹತ್ತಿರ ಇದ್ದ ಕೆಲವರು ‘ಅಷ್ಟೇ’ಯಿಂದ ‘ಜಾಸ್ತಿ’ಗೆ ಜಿಗಿಯುತ್ತಾರೆ, ಜೋರಾಗಿ ಏರಿದರೆ ಬಹಳ ಮಂದಿ ಜಿಗಿಯುತ್ತಾರೆ. ಎಷ್ಟು ಮಂದಿ ಜಿಗಿದರು ಅನ್ನೋದರಿಂದ ಎಷ್ಟು ಏರಿತು ಅಂತ ಅಂದಾಜು ಮಾಡಬಹುದು. 1975ರಲ್ಲಿ ಕಾರ್ಲ್‌ಸನ್ ಮತ್ತು ಪಾರ್ಕಿನ್ ಅನ್ನೋ ಅರ್ಥಶಾಸ್ತ್ರಜ್ಞರು ಮಾಡಿದ್ದು ಇದನ್ನೇ. ಜನರ ಬೆಲೆಯೇರಿಕೆ ನಿರೀಕ್ಷೆಗಳ ಟಿಕ್‌ಗಳನ್ನ ನಾರ್ಮಲ್ ಡಿಸ್ಟ್ರಿಬ್ಯೂಷನ್ ಇಟ್ಟುಕೊಂಡು ಶೇಕಡಾ ಲೆಕ್ಕಕ್ಕೆ ಇಳಿಸಿದರು. ನಮ್ಮ ಎಂ3, ಎಂ4 ಪರೀಕ್ಷೆಗಳಲ್ಲಿ ಝಡ್ ಟೇಬಲ್ ನೋಡಿ ಬರೆಯೋ ಲೆಕ್ಕಕ್ಕಿಂತ ಬಹಳ ಕಷ್ಟವೇನಲ್ಲ.

ಅದೇ ಪರೀಕ್ಷೆಯ ಇನ್ನೊಂದು ಲೆಕ್ಕವನ್ನೂ ಇಲ್ಲಿ ಹಾಕೋಣ. 400 ಕಾರ್ಖಾನೆಗಳಲ್ಲಿ ಶೇ 25 ‘ಜಾಸ್ತಿ’, ಶೇ 50 ‘ಅಷ್ಟೇ’, ಶೇ 25 ‘ಕಡಿಮೆ’ ಅಂದವು ಅಂತಿಟ್ಟುಕೊಳ್ಳಿ. ಅಂಕಗಳು 1, 0.5, 0. ಸರಾಸರಿ 0.5, ವೇರಿಯನ್ಸ್ 0.125, ಸ್ಟ್ಯಾಂಡರ್ಡ್ ಡೀವಿಯೇಷನ್ 0.354. ಅದನ್ನ 400ರ ವರ್ಗಮೂಲ 20ರಿಂದ ಭಾಗಿಸಿದರೆ 0.0177, ಅಂದರೆ ಇಂಡೆಕ್ಸಿನಲ್ಲಿ ಸುಮಾರು 1.8 ಅಂಶ. ಪ್ರತಿ ತಿಂಗಳು ಹೆಚ್ಚುಕಮ್ಮಿ ಅದೇ ಕಾರ್ಖಾನೆಗಳನ್ನ ಕೇಳೋದರಿಂದ, ಐದು ವಿಷಯಗಳನ್ನ ಕೂಡಿಸೋದರಿಂದ ನಿಜವಾದ ದೋಷ ಇದಕ್ಕಿಂತ ಕಡಿಮೆ ಇರತ್ತೆ. ಆದರೂ 0.3 ಅಂಶ ಇಳಿದದ್ದಕ್ಕೆ ‘ತಯಾರಿಕಾ ವಲಯಕ್ಕೆ ಹಿನ್ನಡೆ’ ಅಂತ ತಲೆಬರಹ ಕೊಡೋರಿಗೆ ಈ ವರ್ಗಮೂಲವನ್ನ ಯಾರಾದರೂ ಒಮ್ಮೆ ತೋರಿಸಬೇಕು.

ಇಷ್ಟೆಲ್ಲ ಲೆಕ್ಕ ಸರಿ ಇದ್ದರೂ ಉತ್ತರ ಕೊಡೋದು ಮನುಷ್ಯರು. ಅದಕ್ಕೆ 2020ಕ್ಕಿಂತ ಒಳ್ಳೇ ಉದಾಹರಣೆ ಸಿಗೋದಿಲ್ಲ. ಮಾರ್ಚ್‌ನಲ್ಲಿ 51.8 ಇದ್ದ ಪಿಎಂಐ ಏಪ್ರಿಲ್‌ನಲ್ಲಿ 27.4ಕ್ಕೆ ಬಿತ್ತು. ದೇಶವೇ ಬೀಗ ಹಾಕಿತ್ತು, ಆಶ್ಚರ್ಯವೇನಿಲ್ಲ. ಮೇನಲ್ಲಿ 30.8, ಜೂನ್‌ನಲ್ಲಿ 47.2, ಜುಲೈನಲ್ಲಿ 46.0. ಸೂತ್ರವನ್ನ ಅಕ್ಷರಶಃ ಓದಿದರೆ ಈ ಮೂರೂ ತಿಂಗಳು ಪರಿಸ್ಥಿತಿ ಅದರ ಹಿಂದಿನ ತಿಂಗಳಿಗಿಂತ ಕೆಟ್ಟದಾಯ್ತು ಅಂತ ಅರ್ಥ. ಆದರೆ ಐಐಪಿ ನೋಡಿದರೆ ಉತ್ಪಾದನೆ ಏಪ್ರಿಲ್‌ಗಿಂತ ಮೇನಲ್ಲಿ ಹೆಚ್ಚು, ಮೇಗಿಂತ ಜೂನ್‌ನಲ್ಲಿ ಹೆಚ್ಚು. ಏಪ್ರಿಲ್‌ನಲ್ಲಿ ಮುಚ್ಚಿದ್ದ ಶೆಡ್ ಮೇನಲ್ಲಿ ಅರ್ಧ ಶಟರ್ ಎತ್ತಿದ್ದರೂ ಅದು ಏರಿಕೆಯೇ ಅಲ್ಲವೇ? ಉತ್ತರ ಕೊಟ್ಟವರು ಸುಳ್ಳು ಹೇಳಿದರು ಅಂತ ನಂಗೆ ಅನ್ಸಲ್ಲ. ಫಾರ್ಮ್‌ನಲ್ಲಿ ‘ಹೋದ ತಿಂಗಳಿಗೆ ಹೋಲಿಸಿದರೆ’ ಅಂತಿದ್ದರೂ ಅವರ ಮನಸ್ಸು ಹೋಲಿಸಿದ್ದು ಮಾಮೂಲಿ ದಿನಗಳಿಗೆ. ‘ಹೆಂಗಿದೆ ವ್ಯಾಪಾರ’ ಅಂತ ಆಗ ಯಾರನ್ನ ಕೇಳಿದ್ದರೂ ‘ಎಲ್ಲಿ ಸಾರ್’ ಅಂತಲೇ ಅನ್ನೋರು. ಆಗಸ್ಟ್‌ನಲ್ಲಿ 52.0 ಬಂತು.

ಈ ಕಾರಣಕ್ಕೇ ಟಿಕ್‌ಗಳ ಪಕ್ಕದಲ್ಲಿ ಅಂಕಿಗಳೂ ಬೇಕು. ರಿಸರ್ವ್ ಬ್ಯಾಂಕ್ 2008ರಿಂದ ಇನ್ನೊಂದು ಸರ್ವೆ ನಡೆಸ್ತಿದೆ: ಆರ್ಡರ್ ಬುಕ್, ದಾಸ್ತಾನು, ಸಾಮರ್ಥ್ಯ ಬಳಕೆಯ ಸರ್ವೆ. ಚಿಕ್ಕದಾಗಿ ಒಬಿಕಸ್. ಇಲ್ಲಿ ‘ಎಷ್ಟು’ ಅಂತಲೇ ಕೇಳ್ತಾರೆ: ಹೊಸ ಆರ್ಡರ್ ಎಷ್ಟು, ಬಾಕಿ ಆರ್ಡರ್ ಎಷ್ಟು, ಸ್ಥಾಪಿತ ಸಾಮರ್ಥ್ಯದಲ್ಲಿ ಎಷ್ಟು ಪಾಲು ಬಳಸ್ತಿದೀರಿ. 2020ರ ಜನವರಿ–ಮಾರ್ಚ್‌ನಲ್ಲಿ ಶೇ 69.9 ಇದ್ದ ಸಾಮರ್ಥ್ಯ ಬಳಕೆ ಏಪ್ರಿಲ್–ಜೂನ್‌ನಲ್ಲಿ 47.3ಕ್ಕೆ ಇಳಿಯಿತು. ಅರ್ಧಕ್ಕೂ ಹೆಚ್ಚು ಮೆಷಿನ್ ಸುಮ್ಮನೆ ನಿಂತಿದ್ದವು ಅನ್ನೋದು ಈ ಅಂಕಿಯಿಂದ ಕಣ್ಣಿಗೆ ಕಟ್ಟತ್ತೆ, 27.4ರಿಂದ ಕಟ್ಟೋದಿಲ್ಲ. ಆದರೆ ಇದು ಕೈಗೆ ಸಿಗೋ ಹೊತ್ತಿಗೆ ಮುಂದಿನ ತ್ರೈಮಾಸಿಕವೇ ಮುಗಿದಿರತ್ತೆ. ಹೊಸ ಮೆಷಿನ್, ಹೊಸ ಲೈನ್, ಹೊಸ ನೇಮಕಾತಿ ಇವೆಲ್ಲ ಸಾಮಾನ್ಯವಾಗಿ ಸಾಮರ್ಥ್ಯ ಬಳಕೆ ಮೇಲೇರಿ ಅಲ್ಲೇ ನಿಂತ ಮೇಲೆ ಬರೋ ಮಾತು. ಕೋರ್ ಪ್ಲೇಸ್‌ಮೆಂಟ್ ಬಗ್ಗೆ ತಲೆ ಕೆಡಿಸಿಕೊಂಡಿರೋ ಮೆಕ್ಯಾನಿಕಲ್, ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಗೆಳೆಯರು ಪಿಎಂಐಗಿಂತ ಇದನ್ನ ನೋಡೋದು ವಾಸಿ ಅಂತ ನನ್ನ ಅಭಿಪ್ರಾಯ.

ನಿರೀಕ್ಷೆ ಅನ್ನೋದರ ಸ್ವಭಾವದ ಬಗ್ಗೆ ಒಂದು ಮಾತು. ರಿಸರ್ವ್ ಬ್ಯಾಂಕಿನ ಸರ್ವೆಯಲ್ಲಿ ಮುಂದಿನ ತ್ರೈಮಾಸಿಕದ ನಿರೀಕ್ಷೆ ಸಾಮಾನ್ಯವಾಗಿ ಸದ್ಯದ ಸ್ಥಿತಿಗಿಂತ ಮೇಲೇ ಇರತ್ತೆ. ನಾಳೆ ಇವತ್ತಿಗಿಂತ ಚೆನ್ನಾಗಿರತ್ತೆ ಅನ್ನದೆ ಕಾರ್ಖಾನೆ ನಡೆಸೋಕಾಗಲ್ಲ, ಬಿಡಿ. ಆದ್ದರಿಂದ ನಿರೀಕ್ಷೆಯ ಅಂಕಿ 100 ದಾಟಿದೆ ಅನ್ನೋದರಲ್ಲಿ ಸುದ್ದಿ ಇಲ್ಲ. ಅದು ತನ್ನದೇ ಹಿಂದಿನ ಮಟ್ಟಕ್ಕಿಂತ ಕೆಳಗೆ ಬಂದರೆ ಸುದ್ದಿ. ಜರ್ಮನಿಯ ಮ್ಯೂನಿಕ್‌ನ ಇಫೋ ಸಂಸ್ಥೆ ಇದೇ ಕಾರಣಕ್ಕೆ ಸದ್ಯದ ಸ್ಥಿತಿ, ಮುಂದಿನ ಆರು ತಿಂಗಳ ನಿರೀಕ್ಷೆ ಎರಡನ್ನೂ ಕೇಳಿ, ಎರಡನ್ನೂ ಬೇರೆ ಬೇರೆಯಾಗಿಯೂ ಕೊಡತ್ತೆ, ಸೇರಿಸಿಯೂ ಕೊಡತ್ತೆ.

ಈಗ ಐಐಟಿ ಅಲ್ಲ, ಐಟಿಐ ಕಡೆ ಬರೋಣ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ. ದಶಕಗಳ ಕಾಲ ಅದು ಫೋನು, ಎಕ್ಸ್‌ಚೇಂಜು ಮಾಡಿದ್ದು ಹೆಚ್ಚುಕಡಿಮೆ ಒಬ್ಬರೇ ಗಿರಾಕಿಗೆ: ಕೇಂದ್ರ ಸರ್ಕಾರದ ಅಂಚೆ–ತಂತಿ ಇಲಾಖೆ, ಆಮೇಲೆ ಅದರಿಂದ ಬೇರೆಯಾದ ದೂರಸಂಪರ್ಕ ಇಲಾಖೆ. ಆ ಕಾಲದಲ್ಲಿ ಒಂದು ಫೋನ್ ಕನೆಕ್ಷನ್‌ಗೆ ಜನ ವರ್ಷಗಟ್ಟಲೆ ಕಾಯ್ತಿದ್ರು. ಬೇಡಿಕೆಗೆ ಬರವೇ ಇರಲಿಲ್ಲ. ಆದರೂ ದೂರವಾಣಿನಗರದ ಆರ್ಡರ್ ಬುಕ್ ತುಂಬೋದು ಕಾಯ್ತಿದ್ದ ಜನರಿಂದಲ್ಲ, ದಿಲ್ಲಿಯ ಯೋಜನೆ, ಬಜೆಟ್‌ಗಳಿಂದ. 1991ರ ನಂತರ ಟೆಲಿಕಾಂ ಉಪಕರಣಗಳ ತಯಾರಿಕೆಗೆ ಖಾಸಗಿಯವರು ಬಂದರು, ಆರ್ಡರ್ ಅನ್ನೋದು ಟೆಂಡರ್ ಗೆದ್ದರೆ ಸಿಗೋ ವಸ್ತು ಆಯ್ತು.

ಸರ್ವೆಗೆ ಇದರಿಂದ ಏನು ಸಂಬಂಧ? ಒಂದು ದೊಡ್ಡ ಕಾರ್ಖಾನೆಯ ಸುತ್ತ ಅದಕ್ಕೇ ಬಿಡಿಭಾಗ ಮಾಡೋ 40 ಸಣ್ಣ ಘಟಕಗಳಿವೆ ಅಂತ ಊಹಿಸಿಕೊಳ್ಳಿ. 40ನ್ನೂ ಕೇಳಿದಿರಿ, ದೊಡ್ಡ ಸ್ಯಾಂಪಲ್ ಅಂತ ಖುಷಿಪಟ್ಟಿರಿ. ಆದರೆ ಎಲ್ಲರ ಉತ್ತರವನ್ನೂ ಬರೆಸ್ತಿರೋದು ಒಬ್ಬರೇ ಗಿರಾಕಿ. ಉತ್ತರಗಳ ನಡುವಿನ ಕೋರಿಲೇಷನ್ 0.5 ಇದ್ದರೆ, ಸ್ವತಂತ್ರ ಉತ್ತರಗಳ ಲೆಕ್ಕದಲ್ಲಿ ಇದರ ಬೆಲೆ 40 ಭಾಗಿಸು (1 + 39 × 0.5), ಅಂದರೆ ಎರಡಕ್ಕೂ ಸ್ವಲ್ಪ ಕಡಿಮೆ. 40 ಜನರನ್ನ ಮಾತಾಡಿಸಿ ಇಬ್ಬರನ್ನ ಮಾತಾಡಿಸಿದಷ್ಟು ತಿಳ್ಕೊಂಡಿರಿ. ವರ್ಗಮೂಲದ ಮ್ಯಾಜಿಕ್ ಸ್ವತಂತ್ರ ಉತ್ತರಗಳಿಗೆ ಮಾತ್ರ ನಡೆಯತ್ತೆ.

ಆ ಸಣ್ಣ ಘಟಕಗಳ ಪಾಡು ಇನ್ನೊಂದು ಥರ. ಅಂಗಡಿಯಲ್ಲಿ ತಿಂಗಳಿಗೆ 100 ಮೋಟರ್ ಮಾರಾಟ ಆಗ್ತಿತ್ತು, 90ಕ್ಕೆ ಇಳಿಯಿತು ಅನ್ನಿ. ಡೀಲರ್ ಒಂದು ತಿಂಗಳ ಮಾರಾಟದಷ್ಟು ಸ್ಟಾಕ್ ಇಟ್ಟುಕೊಳ್ಳೋರು. ಈಗ ಸ್ಟಾಕನ್ನೂ 10 ಇಳಿಸಬೇಕು, ಹಾಗಾಗಿ ಕಾರ್ಖಾನೆಗೆ 80ರ ಆರ್ಡರ್ ಕೊಡ್ತಾರೆ. ಕಾರ್ಖಾನೆಯೂ ಅದೇ ಲೆಕ್ಕದಲ್ಲಿ ತನ್ನ ಸ್ಟಾಕನ್ನ 100ರಿಂದ 80ಕ್ಕೆ ಇಳಿಸಿ, ಶಾಫ್ಟ್ ಮಾಡೋ ಘಟಕಕ್ಕೆ 60 ಸಾಕು ಅನ್ನತ್ತೆ. ಆ ಘಟಕ ಜಾಬ್ ವರ್ಕ್ ಕೊಡೋ ಲೇತ್ ಶೆಡ್‌ಗೆ ಉಳಿಯೋದು 20. ಗಿರಾಕಿ ಹತ್ತರಷ್ಟು ಕಡಿಮೆ ಕೊಂಡರೆ ಕೊನೇ ಶೆಡ್‌ಗೆ ಎಂಬತ್ತರಷ್ಟು ಪೆಟ್ಟು. ಇದಕ್ಕೆ ಬುಲ್‌ವಿಪ್ ಪರಿಣಾಮ ಅಂತಾರೆ. ಚಾಟಿಯ ಹಿಡಿ ಸ್ವಲ್ಪ ಅಲುಗಿದರೆ ತುದಿ ಛಟೀರ್ ಅನ್ನೋ ಹಾಗೆ. ಎಂಐಟಿಯ ಜೇ ಫಾರೆಸ್ಟರ್ 1961ರಲ್ಲೇ ಇದನ್ನ ಮಾಡೆಲ್ ಮಾಡಿ ತೋರಿಸಿದ್ದರು. ಅವರು ಮೂಲತಃ ಎಲೆಕ್ಟ್ರಿಕಲ್ ಇಂಜಿನಿಯರ್.

ಆರ್ಡರಿನ ಏರಿಳಿತ ಎಲ್ಲರಿಗಿಂತ ಜೋರಾಗಿ ತಟ್ಟೋದು ಚಾಟಿಯ ತುದಿಗೆ. ಆದರೆ ಪ್ರಶ್ನೆಪಟ್ಟಿ ಹೋಗೋದು ಬಹುಪಾಲು ಹಿಡಿಯ ಹತ್ತಿರ ಇರೋರಿಗೆ. ರಿಸರ್ವ್ ಬ್ಯಾಂಕ್ ಕೇಳೋದು ಕಂಪನಿಗಳನ್ನ. ಮಾಲೀಕನ ಹೆಸರಲ್ಲೇ ನಡೆಯೋ ನಾಲ್ಕು ಮೆಷಿನ್ನಿನ ಶೆಡ್ ಕಂಪನಿಯೇ ಅಲ್ಲ. ಬ್ಯಾಂಕು ತಾನೇ ಆರಿಸಿದ ಕಂಪನಿಗಳಲ್ಲದೆ ಬೇರೆ ತಯಾರಿಕಾ ಕಂಪನಿಗಳೂ ವೆಬ್‌ಸೈಟಿನಿಂದ ಫಾರ್ಮ್ ಇಳಿಸಿಕೊಂಡು ತುಂಬಬಹುದು ಅಂತ ಪ್ರಕಟಣೆಯಲ್ಲಿ ಹೇಳತ್ತೆ, ನಿಜ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿ ರಾತ್ರಿ ಒಂಬತ್ತಕ್ಕೆ ಇಳಿಸೋರು ಅದನ್ನ ತುಂಬೋದು ಯಾವಾಗ? ಸಣ್ಣವರಿಗಾಗಿಯೇ 2018ರಲ್ಲಿ ಕ್ರಿಸಿಲ್ ಮತ್ತು ಸಿಡ್ಬಿ ಸೇರಿ 1,100 ಸೂಕ್ಷ್ಮ ಮತ್ತು ಸಣ್ಣ ಘಟಕಗಳ ಕ್ರಿಸಿಡೆಕ್ಸ್ ಅನ್ನೋ ಸೂಚ್ಯಂಕ ಶುರು ಮಾಡಿದವು. ದಿಕ್ಕು ಸರಿ ಇತ್ತು. ಆದರೆ 1,100 ಅನ್ನೋದು ಇಡೀ ದೇಶಕ್ಕೆ. ಮಹದೇವಪುರದ ಪಾಲಿಗೆ ಎಷ್ಟು ಬಂದೀತು?

ಹಾಗಾಗಿ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿರೋರಿಗೆ ಒಂದು ಸಲಹೆ. ಮಹದೇವಪುರ, ವೈಟ್‌ಫೀಲ್ಡ್ ರಸ್ತೆಯ ಸುತ್ತ 50 ಶೆಡ್ ಆರಿಸಿ. ಎಲ್ಲರೂ ಒಂದೇ ದೊಡ್ಡ ಗಿರಾಕಿಯನ್ನ ನೆಚ್ಚಿಕೊಂಡಿರಬಾರದು, ಕೋರಿಲೇಷನ್ ಲೆಕ್ಕ ನೆನಪಿರಲಿ. ಪ್ರತಿ ತಿಂಗಳು ಅದೇ ಶೆಡ್‌ಗಳಿಗೆ ಹೋಗಬೇಕು, ಸಿಕ್ಕಿದೋರನ್ನ ಕೇಳಿಕೊಂಡು ಬರೋದಲ್ಲ. ಫಾರ್ಮ್ ಕನ್ನಡದಲ್ಲಿರಲಿ, ಶೆಡ್‌ನವರು ತಮಿಳು, ತೆಲುಗು ಮಾತಾಡೋರಾದರೆ ನಮ್ಮ ಕ್ಲಾಸಲ್ಲೇ ಆ ಭಾಷೆಯ ಗೆಳೆಯರಿದ್ದಾರೆ. ‘ಮಾಮೂಲಿಗಿಂತ’ ಅನ್ನೋ ಪದ ಬೇಡ, ‘ಹೋದ ತಿಂಗಳಿಗಿಂತ’ ಅಂತ ಎರಡು ಸಲ ಓದಿ ಹೇಳಿ. ಆರ್ಡರ್ ಕೇಳೋದರ ಜೊತೆಗೆ ಉತ್ತರವನ್ನ ತಾಳೆ ನೋಡೋಕೆ ಒಂದು ಗಟ್ಟಿ ಅಂಕಿ ಕೇಳಿ: ಈ ವಾರ ಎಷ್ಟು ದಿನ ಮೆಷಿನ್ ಓಡಿತು? ಅದನ್ನ ಮುಚ್ಚಿಡೋಕೆ ಯಾರಿಗೂ ಕಾರಣ ಇರಲ್ಲ. ಮಾರ್ಚ್‌ನಲ್ಲಿ ವರ್ಷದ ಕೊನೆಯ ಬಿಲ್ಲಿಂಗ್ ಗಡಿಬಿಡಿಯಿಂದ ಅಂಕಿ ಉಬ್ಬಿರತ್ತೆ. ಆಯುಧಪೂಜೆ ಹೊತ್ತಿಗೆ ಲೇತ್‌ಗಳಿಗೆ ಅರಿಶಿನ ಕುಂಕುಮ ಹಚ್ಚಿ ನಿಲ್ಲಿಸಿರ್ತಾರೆ, ಆ ಹಬ್ಬವೋ ಒಂದು ವರ್ಷ ಸೆಪ್ಟೆಂಬರ್ ಕೊನೆಗೆ, ಇನ್ನೊಂದು ವರ್ಷ ಅಕ್ಟೋಬರ್ ಕೊನೆಗೆ ಬರತ್ತೆ. ಅದಕ್ಕೆ ಒಂದು ವರ್ಷದ ಡೇಟಾ ಸಾಲದು. ಈಗಿನ ಎರಡನೇ ವರ್ಷದವರು ಶುರು ಮಾಡಿ ಜೂನಿಯರ್‌ಗಳಿಗೆ ದಾಟಿಸಬೇಕಾಗತ್ತೆ. ಮೊದಲ ತಿಂಗಳು ‘ಯಾರಪ್ಪ ನೀವು, ಟ್ಯಾಕ್ಸ್‌ನೋರಾ?’ ಅಂತ ಕೇಳ್ತಾರೆ. ಕಾಲೇಜ್ ಐಡಿ ಕಾರ್ಡ್ ಹಾಕ್ಕೊಂಡು ಹೋಗಿ, ಹನ್ನೊಂದು ಗಂಟೆ ಚಹಾ ಹೊತ್ತಿಗೆ ಹೋದರೆ ಮಾತಿಗೆ ಸಿಗ್ತಾರೆ.